ತೂತು ಇಳಿಸಿದವರು ಯಾರು

ದೋಣಿಕಟ್ಟೆಯ ಎದುರಿನ ಮನೆ,
ಮಾರ್ಚ್ ಒಂಬತ್ತು, ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹನ್ನೊಂದು ವರ್ಷದ ಹಿಂದೆ, ಇದೇ ಮಾರ್ಚ್ ಒಂಬತ್ತರ ಬೆಳಿಗ್ಗೆ ಎಂಟೂವರೆಗೆ, ನಮ್ಮ ಕಟ್ಟೆಯ ಮೇಲೆ ಲಾಂಚಿನ ಆಫೀಸಿನವರು ಮೈಕು ಹಿಡಿದು ಮುನ್ನೂರು ಜನರೆದುರು ನಿನ್ನ ಬಗ್ಗೆ ಓದಿದರು: 'ಚಾಲಕನು ತಳದ ನೀರನ್ನು ಖಾಲಿ ಮಾಡದೆ ಮನೆಗೆ ಹೋದ ನಿರ್ಲಕ್ಷ್ಯದಿಂದಲೇ ಲಾಂಚು ನಿಂತಲ್ಲೇ ಮುಳುಗಿದೆ. ಆತನನ್ನು ಕೆಲಸದಿಂದ ತೆಗೆಯಲಾಗಿದೆ.' ಓದಿದ್ದು ಸುಳ್ಳು. ಸುಳ್ಳೆಂದು ನಾನು ಅಂದೇ ಹೇಳಿದ್ದೆ. ಕಳೆದ ತಿಂಗಳು ಅದನ್ನು ಊರೆದುರು ತೋರಿಸಿಕೊಟ್ಟೆ; ಆ ಮೇಲೆ ಈ ಕಾಗದ ಬರೆಯುತ್ತಿದ್ದೇನೆ.

ಮೊದಲು ನಿನ್ನ ಆರೋಗ್ಯ ಕೇಳಬೇಕಿತ್ತು, ಗೊತ್ತು. ಅಮ್ಮ ಪಕ್ಕದಲ್ಲೇ ಕೂತು 'ಸೊಂಟ ಹೇಗಿದೆ ಅಂತ ಕೇಳಿದ್ಯಾ?' ಎಂದು ಎರಡು ಸಲ ಕೇಳಿಯಾಯಿತು. ಸೊಂಟ ಹೇಗಿದೆ? ಆ ಲಿಫ್ಟಿನೊಳಗೆ ಇಡೀ ದಿನ ಸ್ಟೂಲಿನ ಮೇಲೆ ಕೂರಬೇಡ, ನಡುನಡುವೆ ಎದ್ದು ನಿಲ್ಲು. ಹೊಳೆಗೆ ಅಡ್ಡಕ್ಕೆ ಹೋಗುತ್ತಿದ್ದವನನ್ನು ಮೇಲಕ್ಕೂ ಕೆಳಕ್ಕೂ ಹೋಗುವವನನ್ನಾಗಿ ಮಾಡಿದರಲ್ಲ ಎಂದು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ನಿನ್ನ ಹೆಂಡತಿಯ ಕೆಮ್ಮು ಬಿಟ್ಟಿತೇ? ಮಗಳು ಓದುತ್ತಿದ್ದಾಳೆಯೇ ಅಥವಾ ಓದುವ ಹಾಗೆ ಪುಸ್ತಕ ಹಿಡಿದು ಕೂರುತ್ತಾಳೆಯೇ? ಅಮ್ಮನ ಕಣ್ಣಿನ ಪೊರೆ ತೆಗೆದ ಮೇಲೆ ಎಲ್ಲವೂ ಚೆನ್ನಾಗಿ ಕಾಣುತ್ತಿದೆ. ತೊಂದರೆಯೆಂದರೆ ನನ್ನ ಪುಸ್ತಕದ ಕಪಾಟಿನ ಧೂಳೂ ಕಾಣುತ್ತಿದೆ. ನನ್ನ ಮಂಡಿಗಳು ಮಾತ್ರ ಮೆಟ್ಟಿಲು ಕಂಡರೆ ಗೊಣಗುತ್ತವೆ. ಆದರೂ ಕಳೆದ ತಿಂಗಳು ಲಾಂಚಿನ ಹೊಟ್ಟೆಯೊಳಗೆ ಏಣಿಯಲ್ಲಿ ಇಳಿದು ಹತ್ತಿದ್ದೇನೆ. ಅದನ್ನೇ ಹೇಳಲು ಹೊರಟಿದ್ದೇನೆ, ಕೇಳು.

ಫೆಬ್ರವರಿ ಹತ್ತರ ಬೆಳಿಗ್ಗೆ ವಾಚನಾಲಯದ ಬಾಗಿಲು ತೆಗೆದು ಪತ್ರಿಕೆಗಳನ್ನು ಮೇಜಿನ ಮೇಲೆ ಹರಡುತ್ತಿದ್ದೆ. ಉದ್ದಣ್ಣ ಬಂದ. ನಿನ್ನ ಕೈಕೆಳಗೆ ಹಗ್ಗ ಎಸೆಯುತ್ತಿದ್ದವನು ಈಗ ಲಾಂಚು ನಡೆಸುತ್ತಾನೆ. ಬೆಳೆಯುವುದು ಇನ್ನೂ ನಿಂತಿಲ್ಲವೇನೋ, ನಮ್ಮ ಬಾಗಿಲಿಗೆ ಈಗಲೂ ತಲೆ ಹೊಡೆಸಿಕೊಳ್ಳುತ್ತಾನೆ. ಆ ದಿನ ಹೊಡೆಸಿಕೊಂಡದ್ದೂ ಅವನಿಗೆ ತಿಳಿಯಲಿಲ್ಲ. ಮಂಡಿಯವರೆಗೆ ಎಣ್ಣೆ ಬೆರೆತ ನೀರು ಸುರಿಯುತ್ತಿತ್ತು. 'ಅಕ್ಕಾ, ನನಗೂ ಅಣ್ಣನ ಗತಿನೇ ಬಂತು' ಎಂದು ಬೆಂಚಿನ ಮೇಲೆ ಕುಸಿದ. ಹಿಂದಿನ ಸಂಜೆ ಕೆಲಸ ಮುಗಿಸಿ, ತಳದ ನೀರು ಹೊರಹಾಕುವ ಪಂಪು ಓಡಿಸಿ, ಮೇನ್ ಸ್ವಿಚ್ ಆರಿಸಿ ಮನೆಗೆ ಹೋಗಿದ್ದನಂತೆ. ಬೆಳಿಗ್ಗೆ ಬಂದು ನೋಡಿದರೆ ಲಾಂಚು ಕಟ್ಟೆಗೆ ಕಟ್ಟಿದ ಹಗ್ಗಕ್ಕೆ ಜೋತು ಬಿದ್ದಿದೆ, ಎಂಜಿನ್ ಅರ್ಧ ನೀರಿನಲ್ಲಿದೆ. ಕೈಪಂಪು, ಬಕೆಟ್ಟು, ಕಟ್ಟೆಯ ಮೇಲಿದ್ದ ಜನ, ಎಲ್ಲ ಸೇರಿ ಉಳಿಸಿಕೊಂಡರು. ಅಷ್ಟರಲ್ಲೇ ಆಫೀಸಿನ ಗುಮಾಸ್ತ ವರದಿ ಟೈಪು ಮಾಡಿಯಾಗಿತ್ತು. ನಿನ್ನ ವರದಿಯ ವಾಕ್ಯವೇ, ಅಲ್ಪವಿರಾಮವೂ ಬದಲಾಗಿಲ್ಲ. ನನಗೆ ಅದು ಬಾಯಿಪಾಠ. ಬರುವ ಸೋಮವಾರ ಎಂಜಿನಿಯರ್ ಸಾಹೇಬರು ಬಂದು ಲಾಂಚು ನೋಡಿ ಅವನಿಂದ ರುಜು ಹಾಕಿಸಿಕೊಳ್ಳುವವರಿದ್ದರು. ನಿನ್ನ ವರದಿಯ ಕಾಲದ ಅದೇ ಸಾಹೇಬರು. ಆಗ ಸಣ್ಣ ಕುರ್ಚಿಯಲ್ಲಿದ್ದರು, ಈಗ ತಿರುಗುವ ಕುರ್ಚಿಗೆ ಬಂದಿದ್ದಾರೆ.

ಆಮೇಲೆ ಉದ್ದಣ್ಣ ಹೇಳಿದ ಮಾತು ಇದು: 'ಒಣಗಿಸಿಯೇ ಹೋಗಿದ್ದೆ ಅಕ್ಕಾ. ಪಂಪು ಓಡ್ತಿರುವಾಗ್ಲೇ ಹಲಗೆ ಎತ್ತಿ, ಬಟ್ಟೆ ಹಾಕಿ ಒರೆಸಿ ಹೋಗಿದ್ದೆ.' ತಮ್ಮಾ, ಇದೇ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ನೀನು ಹೇಳಿದ್ದೂ ಇದೇ ಮಾತು. ಊರು ನಂಬಲಿಲ್ಲ. ನಾನು ನಂಬಿದ್ದೆ, ಆದರೆ ನನ್ನ ನಂಬಿಕೆ ಯಾರಿಗೆ ಬೇಕು? ಪತ್ರಿಕೆಗೆ ಹದಿನಾಲ್ಕು ಕಾಗದ ಬರೆದೆ. ಎರಡು ಅಚ್ಚಾದವು, ಅವನ್ನೂ ಕತ್ತರಿಸಿ ಹಾಕಿದ್ದರು. ಊರಿನವರು ನನಗೆ 'ವಾಚಕರವಾಣಿ ಅಕ್ಕ' ಎಂದು ಹೆಸರಿಟ್ಟು ಕೈ ತೊಳೆದುಕೊಂಡರು. ಆ ಪತ್ರಗಳಲ್ಲಿ ನಿನ್ನ ಗುಣ ಹೊಗಳಿದ್ದೆ, ಆಫೀಸಿನ ಅಹಂಕಾರ ತೆಗಳಿದ್ದೆ. ನೀರು ಎಲ್ಲಿಂದ ಬಂತು ಎಂಬ ಒಂದು ಪ್ರಶ್ನೆ ಮಾತ್ರ ಕೇಳಿರಲಿಲ್ಲ. ಈ ಸಲ ಅದನ್ನೇ ಮೊದಲು ಕೇಳಬೇಕೆಂದುಕೊಂಡೆ.

ಸೈಕಲ್ ಅಂಗಡಿಯ ಹಿಂದೆ ಪಂಪು ರಿಪೇರಿ ಮಾಡುವವರೊಬ್ಬರು ಬಂದಿದ್ದಾರೆ, ನಾಲ್ಕು ವರ್ಷವಾಯಿತು. ನೀನು ಕಂಡಿಲ್ಲ. ದೊಡ್ಡ ಹಡಗುಗಳಲ್ಲಿ ದುಡಿದು ಬಂದ ಮನುಷ್ಯ. ಎಲ್ಲರಿಗೂ 'ಪಂಪ್ ಮಾವ'. ಮಾತು ಕಡಮೆ, ಆಡಿದರೆ ಮುಳ್ಳಿನ ಹಾಗೆ. ಅವರನ್ನು ಕರೆದುಕೊಂಡು ಹೋದೆವು. ಹಿಂದಿನ ಹಲಗೆ ಎತ್ತಿಸಿ, ಹೊಟ್ಟೆಯಡಿ ಗೋಣಿಚೀಲ ಹಾಸಿಕೊಂಡು ಅರ್ಧ ಗಂಟೆ ಟಾರ್ಚು ಹಿಡಿದು ಮಲಗಿದರು. ಎದ್ದು ಬಂದು ಕೈ ಒರೆಸಿಕೊಳ್ಳುತ್ತಾ, 'ಇದನ್ನ ಜೋಡಿಸಿದವರು ಯಾರು?' ಎಂದರು. ಆಫೀಸಿನವರು ಎಂದೆ. 'ನೀರು ಹೊರಗೆ ಹಾಕೋಕೆ ಜೋಡಿಸಿದ್ದೋ, ಒಳಗೆ ತರೋಕೋ?' ಟಾರ್ಚು ಆರಿಸಿ, 'ಮುಳುಗಿದ ಹಿಂದಿನ ಸಂಜೆ ಹಿಂಭಾಗದಲ್ಲಿ ಭಾರ ಏನಾದ್ರೂ ಇತ್ತಾ?' ಎಂದು ಕೇಳಿದರು. ಇತ್ತು. ಆಚೆ ದಡದ ಆಫೀಸಿಗೆಂದು ಹತ್ತು ಕಬ್ಬಿಣದ ಬೀರುಗಳನ್ನು ಬೆಳಗಿನ ಮೊದಲ ಸರದಿಗೆ ಹೋಗಲೆಂದು ಸಂಜೆಯೇ ಏರಿಸಿಟ್ಟಿದ್ದರು. ನಿನ್ನ ಕಾಲದಲ್ಲಿ? ಅದೇ ಆಫೀಸಿನ ನೆಲಕ್ಕೆ ಹಾಸುವ ಕಲ್ಲು, ನಾಲ್ಕು ಗಾಡಿ. ನೀನು ಬೇಡವೆಂದೆ, 'ನಿನ್ನ ಕೆಲಸ ನೀನು ನೋಡಿಕೊ' ಎಂದರು. ನೆನಪಿದೆಯಲ್ಲ?

ಪಂಪ್ ಮಾವ ನಮ್ಮ ಅಡುಗೆಮನೆಯಲ್ಲೇ ಅದನ್ನು ತಿಳಿಸಿಕೊಟ್ಟರು. ಸ್ಟೂಲಿನ ಮೇಲೆ ತುಂಬಿದ ಬಕೆಟ್ಟು, ನೆಲದ ಮೇಲೆ ಖಾಲಿ ಪಾತ್ರೆ, ನಡುವೆ ಮೂರು ಮೊಳ ರಬ್ಬರ್ ಪೈಪು. 'ಬಕೆಟ್ಟು ಅಂದ್ರೆ ಹೊಳೆ. ಪಾತ್ರೆ ಅಂದ್ರೆ ಲಾಂಚಿನ ತಳ' ಎಂದರು. ಪೈಪು ಬಕೆಟ್ಟಿನ ಅಂಚು ಹತ್ತಿ ಇಳಿದಿತ್ತು. ಒಣ ಪೈಪಿನಲ್ಲಿ ಏನೂ ಆಗಲಿಲ್ಲ. ಪಾತ್ರೆಯ ಕಡೆಯಿಂದ ನೀರು ತಳ್ಳಿ ಪೈಪು ತುಂಬಿಸಿ ಕೈ ಬಿಟ್ಟರು ನೋಡು, ಬಕೆಟ್ಟಿನ ನೀರೆಲ್ಲ ಅಂಚು ಹತ್ತಿ ತಾನಾಗಿಯೇ ಕೆಳಗೆ ಸುರಿಯತೊಡಗಿತು. ಲಾಂಚಿನಲ್ಲೂ ಹಾಗೆಯೇ. ಪಂಪಿನಿಂದ ಹೊರಟ ಪೈಪು ಪಕ್ಕೆಯ ತೂತಿಗಿಂತ ಒಂದು ಗೇಣು ಮೇಲೇರಿ, ಬಗ್ಗಿ, ಅದಕ್ಕೆ ಇಳಿಯುತ್ತದೆ. ಆ ತೂತು ಇರುವುದು ಹೊಳೆಯ ನೀರಿನ ಮಟ್ಟದಿಂದ ನಾಲ್ಕು ಬೆರಳು ಮೇಲೆ. ಖಾಲಿ ಲಾಂಚಿಗೆ ಸರಿ. ಹಿಂಭಾಗದಲ್ಲಿ ಭಾರ ಬಿದ್ದರೆ ತೂತು ನೀರಿನೊಳಗೆ ಹೋಗುತ್ತದೆ. ಆಗ ಪಂಪು ಓಡಿಸಿ ನಿಲ್ಲಿಸಿದೆಯೋ, ತುಂಬಿದ ಪೈಪು ಹೊಳೆಯನ್ನೇ ಒಳಗೆ ಎಳೆಯುತ್ತದೆ. ನೀರು ಏರಿದಾಗ ತೇಲುವ ಸ್ವಿಚ್ಚು ಎದ್ದು ಪಂಪನ್ನು ತಾನೇ ಓಡಿಸಬೇಕಿತ್ತು. ಆದರೆ ಅದಕ್ಕೆ ಕರೆಂಟು ಮೇನ್ ಸ್ವಿಚ್ಚಿನ ಮೂಲಕ ಕೊಟ್ಟಿದ್ದರು. ಮೇನ್ ಆರಿಸಿದ ಮೇಲೆ ಅದು ಎದ್ದರೇನು, ಬಿದ್ದರೇನು?

ಅಮ್ಮ ಇಷ್ಟು ಹೊತ್ತು 'ನೆಲ ಒದ್ದೆ ಆದ್ರೆ ಒರೆಸೋರು ಯಾರು' ಎಂದು ಗೊಣಗುತ್ತಿದ್ದವಳು ಪಾತ್ರೆ ತುಂಬಿ ಹರಿಯುವುದನ್ನೇ ನೋಡುತ್ತಾ, 'ಅಂದ್ರೆ ನನ್ನ ಮಗ ಖಾಲಿ ಮಾಡಿದ್ದಕ್ಕೇ ಅದು ತುಂಬಿತು' ಎಂದಳು. ಪಂಪ್ ಮಾವ ತಲೆ ಎತ್ತಿ ಅವಳನ್ನು ನೋಡಿದರು. 'ಹೌದಮ್ಮಾ. ಸೋಮಾರಿ ಆಗಿದ್ದಿದ್ರೆ ಲಾಂಚು ಉಳೀತಿತ್ತು.' ತಮ್ಮಾ, ಈ ಹನ್ನೊಂದು ವರ್ಷದಲ್ಲಿ ಅಮ್ಮ ಒಮ್ಮೆಯೂ ಲಾಂಚು ಹತ್ತಿಲ್ಲ. ಆಸ್ಪತ್ರೆಗೂ ಬಸ್ಸಿನಲ್ಲಿ ಸುತ್ತಿಕೊಂಡು ಹೋಗಿದ್ದಾಳೆ. ಆದರೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಆ ಸಂಜೆ ನೆಲ ಒರೆಸುತ್ತಾ ಅತ್ತಳು. ನಾನೇ ಒರೆಸುತ್ತೇನೆಂದರೂ ಬಟ್ಟೆ ಕೊಡಲಿಲ್ಲ.

ಇನ್ನು ನನಗೆ ಕಾಗದಗಳು ಬೇಕಿದ್ದವು. ಮೇನ್ ಸ್ವಿಚ್ಚಿನದು ಸುಲಭ: 'ಕೆಲಸ ಮುಗಿದ ಕೂಡಲೇ ಚಾಲಕರು ಮೇನ್ ಸ್ವಿಚ್ ಆರಿಸತಕ್ಕದ್ದು, ತಪ್ಪಿದಲ್ಲಿ ಶಿಸ್ತುಕ್ರಮ' ಎಂಬ ಬೋರ್ಡು ಟಿಕೆಟ್ ಕೋಣೆಯ ಗೋಡೆಯ ಮೇಲೆ ಇಂದಿಗೂ ಇದೆ. ವರ್ಷಕ್ಕೊಮ್ಮೆ ಅದಕ್ಕೆ ಹೊಸ ಬಣ್ಣ ಬೇರೆ ಹೊಡೆಸುತ್ತಾರೆ. ತೂತಿನದು ಕಷ್ಟವಾಯಿತು. ನೀನು ನಡೆಸುತ್ತಿದ್ದ ಹಳೆಯ ಲಾಂಚು ಬಂದಾಗ ಆ ತೂತು ಮೇಲಂಚಿನ ಹತ್ತಿರವಿತ್ತು, ನೀರು ಚಿಮ್ಮಿ ಬೀಳುತ್ತಿದ್ದುದು ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಯಾವಾಗ ಕೆಳಗಿಳಿಯಿತು? ಅದು ಮುಳುಗಿದ ಮೇಲೆ ಬಂದ ಹೊಸ ಲಾಂಚನ್ನು ಹಳೆಯದರ ಕೊನೆಯ ನಕ್ಷೆ ಹಿಡಿದು ಕಟ್ಟಿಸಿದ್ದಾರೆ, ತಪ್ಪನ್ನೂ ಅಳತೆ ತಪ್ಪದಂತೆ ಕಟ್ಟಿಸಿದ್ದಾರೆ. ಆದ್ದರಿಂದ ಇಳಿಸಿದ್ದು ಅದಕ್ಕೂ ಮೊದಲು. ವಾಚನಾಲಯದ ಹಳೆಯ ಸಂಪುಟಗಳನ್ನು ಮೂರು ದಿನ ತಿರುವಿ ಹಾಕಿದೆ, ಸಿಗಲಿಲ್ಲ. ಸಿಕ್ಕಿದ್ದು ಮನೆಯಲ್ಲಿ, ನನ್ನ ಸ್ವಂತ ಅಂಟಿಸುವ ಪುಸ್ತಕದಲ್ಲಿ.

ಇದನ್ನೂ ಬರೆಯುತ್ತೇನೆ. ಲಾಂಚು ಮುಳುಗುವುದಕ್ಕೆ ಎರಡು ವರ್ಷ ಮೊದಲು ಪತ್ರಿಕೆಯಲ್ಲಿ ಒಂದು ಕಾಗದ ಬಂದಿತ್ತು: 'ಪ್ರಯಾಣಿಕರಿಗೆ ಎಣ್ಣೆ ನೀರಿನ ಸ್ನಾನ'. ಲಾಂಚಿನ ಪಂಪಿನ ನೀರು ಮೆಟ್ಟಿಲು ಹತ್ತುವವರ ಬಟ್ಟೆಯ ಮೇಲೆ ಚಿಮ್ಮುತ್ತದೆ, ಆಫೀಸಿನವರಿಗೆ ಕಣ್ಣಿಲ್ಲವೇ, ಕೂಡಲೇ ತೂತನ್ನು ಕೆಳಗಿಳಿಸಬಾರದೇ ಎಂದು. ಅದರ ಕೆಳಗೆ ಆಫೀಸಿನ ಉತ್ತರ: 'ವಾಚಕರ ದೂರಿನ ಮೇರೆಗೆ ಹೊರಹಾಕುವ ತೂತನ್ನು ಎರಡು ಅಡಿ ಕೆಳಗಿಳಿಸಲಾಗಿದೆ.' ಎರಡನ್ನೂ ಚೆನ್ನಾಗಿ ಕತ್ತರಿಸಿ ಅಂಟಿಸಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಜಯ' ಎಂದು ಬರೆದಿದ್ದೆ. ಕಾಗದ ನನ್ನದು, ತಮ್ಮಾ. ಎಲ್ಲರ ತಪ್ಪೂ ತಾರೀಖಿನ ಸಮೇತ ನೆನಪಿಟ್ಟುಕೊಂಡಿದ್ದ ನಾನು ಇದನ್ನು ಮಾತ್ರ ಮರೆತಿದ್ದೆ. ಆ ಮಧ್ಯಾಹ್ನ ಊಟಕ್ಕೆ ಕೂರಲಿಲ್ಲ. ಪುಸ್ತಕ ಮುಚ್ಚಿ ಕಪಾಟಿಗೆ ಸೇರಿಸಿಬಿಡಬಹುದಿತ್ತು; ಯಾರಿಗೆ ತಿಳಿಯುತ್ತಿತ್ತು? ಆಮೇಲೆ ಅದನ್ನು ಚೀಲಕ್ಕೆ ಹಾಕಿಕೊಂಡೆ.

ಸೋಮವಾರ ಎಂಟೂವರೆಗೆ ಸಾಹೇಬರು ಬಂದರು, ಗುಮಾಸ್ತ ಹಿಂದೆ. ಕಟ್ಟೆಯಲ್ಲಿ ಕೆಲಸಕ್ಕೆ ಹೋಗುವವರು, ಆಸ್ಪತ್ರೆಯ ನರ್ಸುಗಳು, ತರಕಾರಿಯವರು, ಎಲ್ಲರೂ ಸೇರಿದ್ದರು. ಉದ್ದಣ್ಣನ ಕೈಗೆ ಪೆನ್ನು ಕೊಡುವಷ್ಟರಲ್ಲಿ ನಾನು ಮುಂದೆ ಹೋಗಿ, ರುಜುವಿಗೆ ಮೊದಲು ಹತ್ತು ನಿಮಿಷ ಕೊಡಿ ಎಂದೆ. 'ಏನಮ್ಮಾ, ಮತ್ತೆ ಪೇಪರಿಗೆ ಬರೀತೀರಾ?' ಎಂದು ನಕ್ಕರು. ಇಲ್ಲ, ಈ ಸಲ ಓದಿ ಅಲ್ಲ, ನೋಡಿ ತಿಳಿಯುವಂಥದ್ದು ಎಂದೆ. ಪಂಪ್ ಮಾವ ಅದಾಗಲೇ ಹಲಗೆಗಳನ್ನು ತೆಗೆಸಿದ್ದರು. ತಳ ಎಲ್ಲರಿಗೂ ಕಾಣುತ್ತಿತ್ತು. ಬೀರುಗಳ ಬದಲು ಜನರನ್ನೇ ಕರೆದೆವು. ಹಿಂದಕ್ಕೆ ಬನ್ನಿ, ಇನ್ನೂ ಹಿಂದಕ್ಕೆ ಎಂದು ನಲವತ್ತು ಮಂದಿಯನ್ನು ನಿಲ್ಲಿಸಿದೆವು. ದಪ್ಪನೆಯ ಟೈಲರು, ಗೊತ್ತಲ್ಲ, 'ನಾನೊಬ್ಬನೇ ಎರಡು ಬೀರುವಿಗೆ ಸಮ, ನಲವತ್ತು ಯಾಕೆ?' ಎಂದು ಕೊನೆಯ ಬೆಂಚಿನಲ್ಲಿ ಕೂತರು. ಲಾಂಚು ಹಿಂದಕ್ಕೆ ಬಾಗಿತು. ಪಕ್ಕೆಯ ತೂತು ನೀರಿಗೆ ಇಳಿದು ಕಾಣದಾಯಿತು. ಉದ್ದಣ್ಣ ಪಂಪು ಓಡಿಸಿದ. ತಳದಲ್ಲಿದ್ದ ನೀರು ಹೋಯಿತು, ಪಂಪು ಕೆಮ್ಮಿತು. ಮೇನ್ ಸ್ವಿಚ್ ಆರಿಸು ಎಂದೆ. ಬೋರ್ಡಿನಲ್ಲಿ ಬರೆದ ಹಾಗೆ ಆರಿಸಿದ. 'ಒಣಗಿದೆಯಾ?' ಎಂದು ಸಾಹೇಬರನ್ನು ಕೇಳಿದೆ. 'ಒಣಗಿದೆ. ಇದನ್ನೇ ಅವನು ಆ ದಿನ ಮಾಡಿದ್ದರೆ...' ಎಂದು ಶುರು ಮಾಡಿದರು.

ಮುಗಿಸಲು ಆಗಲಿಲ್ಲ. ಪಂಪಿನ ಬಾಯಿಂದ ನೀರು ವಾಪಸು ಬರತೊಡಗಿತ್ತು. ಮೊದಲು ಬೆರಳಿನಷ್ಟು, ಆಮೇಲೆ ಹೆಬ್ಬೆರಳಿನಷ್ಟು, ಸದ್ದಿಲ್ಲದೆ, ಯಾವ ಅವಸರವೂ ಇಲ್ಲದೆ. ತೇಲುವ ಸ್ವಿಚ್ಚು ನೀರಿನ ಮೇಲೆ ನೆಟ್ಟಗೆ ಎದ್ದು ನಿಂತಿತು, ಪಂಪು ಕದಲಲಿಲ್ಲ. ತರಕಾರಿ ಮಾರುವ ಅಜ್ಜಿ, 'ಅಯ್ಯೋ, ಇದು ಕುಡೀತಾ ಇದೆ' ಎಂದಳು. ಸಾಹೇಬರು 'ನಿಲ್ಲಿಸಿ, ನಿಲ್ಲಿಸಿ' ಎಂದರು. ಆಗ ಪಂಪ್ ಮಾವ ಪೈಪು ಬಗ್ಗಿದ ನೆತ್ತಿ ತೋರಿಸಿ, 'ಅಕ್ಕಾ, ಇಲ್ಲಿ ತೂತು ಹೊಡೀರಿ' ಎಂದರು. ಪತ್ರಿಕೆಗಳನ್ನು ಹೊಲಿದು ಸಂಪುಟ ಕಟ್ಟುವ ದಬ್ಬಣ ನನ್ನ ಚೀಲದಲ್ಲಿತ್ತು. ಏಣಿ ಇಳಿದೆ. ಮುಳುಗುವ ಲಾಂಚಿಗೆ ತೂತು ಹೊಡೆಯುತ್ತಾಳೆಂದು ಗುಮಾಸ್ತ ನನ್ನ ತೋಳು ಹಿಡಿಯಲು ಬಂದ, ಉದ್ದಣ್ಣ ಅಡ್ಡ ನಿಂತ. ಚುಚ್ಚಿ ತಿರುಗಿಸಿದೆ. ಸುಯ್ ಎಂದು ಗಾಳಿ ಒಳಗೆ ಎಳೆದುಕೊಂಡಿತು. ಪಂಪಿನ ಬಾಯಿಯ ನೀರು ತೆಳುವಾಯಿತು, ಹನಿಯಾಯಿತು, ನಿಂತಿತು. ಅಷ್ಟೇ. ಒಂದು ದಬ್ಬಣದ ತೂತು. ತಮ್ಮಾ, ಆಗ ಎದ್ದ ಕೂಗು ನಿನ್ನ ಲಿಫ್ಟಿಗೂ ಕೇಳಿಸಬೇಕಿತ್ತು. ಟೈಲರು ಎದ್ದು ಕುಣಿದರು, ಲಾಂಚು ಅಲ್ಲಾಡಿತು, ಪಂಪ್ ಮಾವ ಬೈದು ಕೂರಿಸಿದರು.

ಸಾಹೇಬರು ಸುಲಭಕ್ಕೆ ಬಗ್ಗುವವರಲ್ಲ. ಬೆವರು ಒರೆಸಿಕೊಂಡು, 'ತೂತು ಇಳಿಸಿದ್ದು ನಾವು ಸುಮ್ಮಸುಮ್ಮನೆ ಅಲ್ಲ. ಸಾರ್ವಜನಿಕರ ದೂರಿತ್ತು. ದೂರು ಕೊಟ್ಟವರನ್ನು ಹೋಗಿ ಕೇಳಿ' ಎಂದರು. ಅವರಿಗೆ ನೆನಪಿತ್ತೋ ಇಲ್ಲವೋ, ನಾನರಿಯೆ. ಚೀಲದಿಂದ ಪುಸ್ತಕ ತೆಗೆದು ಕೆಂಪು ಶಾಯಿಯ ಪುಟ ಬಿಚ್ಚಿ ಎಲ್ಲರಿಗೂ ಕಾಣುವಂತೆ ಹಿಡಿದೆ. 'ಕೇಳಿ. ಆ ದೂರು ನನ್ನದೇ. ತೂತು ಇಳಿಸಿ ಅಂತಲೂ ನಾನೇ ಬರೆದೆ. ತಿಳೀದೆ ಬರೆದೆ. ನಾನು ಪೇಪರ್ ಓದೋಳು, ನೀವು ಎಂಜಿನಿಯರು. ನನಗೆ ತಿಳೀದಿರೋದು ನಿಮಗೆ ತಿಳಿದಿರಬೇಕಿತ್ತು. ನಾನು ನನ್ನ ತಪ್ಪು ಹೇಳಿದೆ. ಈಗ ನೀವು ಹೇಳಿ.' ಸಾಹೇಬರು ವರದಿಯ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ಉದ್ದಣ್ಣನ ಪೆನ್ನು ಅವನ ಕೈಯಲ್ಲೇ ಉಳಿಯಿತು. ಇವತ್ತಿಗೂ ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಲಾಂಚು ನಡೆಸುತ್ತಾನೆ.

ಅವತ್ತೇ ಜನ ಬಿಡಲಿಲ್ಲ, ಸರಿಯಾಗಿ ಜೋಡಿಸಲು ಅಪ್ಪಣೆ ಬರೆದುಕೊಡಿ ಎಂದು ಕೂತರು. ಸಾಹೇಬರು ಪೈಪಿನಲ್ಲಿ ನೀರು ಹಿಂದಕ್ಕೆ ಬರದ ಹಾಗೆ ಒಂದು ವಾಲ್ವು ಹಾಕಿದರೆ ಸಾಕೆಂದರು. ಪಂಪ್ ಮಾವ, 'ಒಂದು ಬೀಡಿ ತುಂಡು ಸಿಕ್ಕಿಕೊಂಡ್ರೆ ಸಾಕು ಸ್ವಾಮಿ, ಆ ವಾಲ್ವಿನ ಬಾಯಿ ತೆರೆದೇ ಇರುತ್ತೆ' ಎಂದರು. ಎರಡು ದಿನದಲ್ಲಿ ಕೆಲಸ ಮುಗಿಯಿತು. ನಿನಗೆ ಇಷ್ಟವಾಗುತ್ತದೆಂದು ವಿವರವಾಗಿ ಬರೆಯುತ್ತೇನೆ. ನೀರು ಹೊರಹೋಗುವ ಬಾಯಿ ಈಗ ಲಾಂಚಿನ ಹಿಂಬದಿಗೆ, ಮೇಲಂಚಿನ ಕೆಳಗೇ ಇದೆ. ಅತ್ತ ಯಾರೂ ಹತ್ತುವುದಿಲ್ಲ, ಯಾರ ಬಟ್ಟೆಯೂ ನೆನೆಯುವುದಿಲ್ಲ. ಹದಿಮೂರು ವರ್ಷದಲ್ಲಿ ನನಗಾಗಲಿ ಆಫೀಸಿಗಾಗಲಿ ಹೊಳೆಯದ ಉಪಾಯ ಇಷ್ಟು ಸರಳವಾಗಿತ್ತು. ಪೈಪು ಅಟ್ಟದ ಹಲಗೆಯವರೆಗೆ ಎತ್ತರಕ್ಕೆ ಹತ್ತಿ ಇಳಿಯುತ್ತದೆ, ನೆತ್ತಿಯಲ್ಲಿ ಗಾಳಿ ಮಾತ್ರ ಒಳಗೆ ಬಿಡುವ ಪುಟ್ಟ ಮುಚ್ಚಳ. ನನ್ನ ದಬ್ಬಣದ ತೂತಿನ ದೊಡ್ಡಣ್ಣ ಅದು. ತಳದ ಅತಿ ಆಳದಲ್ಲಿ ದಿನನಿತ್ಯದ ಚಿಕ್ಕ ಪಂಪು, ಅದಕ್ಕಿಂತ ಒಂದು ಗೇಣು ಮೇಲೆ ಅಪಾಯಕ್ಕೆಂದು ದೊಡ್ಡದು. ಎರಡಕ್ಕೂ ಬೇರೆ ಬೇರೆ ಪೈಪು. ಒಂದೇ ಪೈಪಿಗೆ ಸೇರಿಸಿದರೆ ಒಂದು ಹೊರಹಾಕಿದ್ದು ಇನ್ನೊಂದರಿಂದ ಒಳಗೆ ಬರುತ್ತದಂತೆ. ಎರಡಕ್ಕೂ ಚಿಂದಿ, ಕಡಲೆಸಿಪ್ಪೆ ಹೋಗದಂತೆ ಜಾಲರಿಯ ಪಂಜರ. ತೇಲುವ ಸ್ವಿಚ್ಚುಗಳಿಗೆ ಬ್ಯಾಟರಿಯಿಂದ ನೇರ ತಂತಿ, ತಮ್ಮದೇ ಫ್ಯೂಸು; ಮೇನ್ ಆರಿಸಿದರೂ ಅವು ಎಚ್ಚರವಾಗಿಯೇ ಇರುತ್ತವೆ. ದೊಡ್ಡ ಪಂಪು ಓಡಿತೆಂದರೆ ಟಿಕೆಟ್ ಕೋಣೆಯಲ್ಲಿ ಗಂಟೆ ಹೊಡೆಯುತ್ತದೆ. ಇಷ್ಟೆಲ್ಲ ಇದ್ದೂ ನಿನ್ನ ಹಳೆಯ ಕೈಪಂಪನ್ನು ಪಂಪ್ ಮಾವ ಗೋಡೆಗೆ ಕಟ್ಟಿಸಿದ್ದಾರೆ. 'ಬ್ಯಾಟರಿಗೆ ಸಾವಿದೆ, ತೋಳಿಗೆ ಇನ್ನೂ ಸ್ವಲ್ಪ ದಿನ ಇದೆ' ಎನ್ನುತ್ತಾರೆ.

ಇವತ್ತಿಗೆ ಹದಿನೆಂಟು ದಿನ. ಬೆಳಗಾದರೆ ಕಟ್ಟೆಯಲ್ಲಿ ಹಲಗೆ ಎತ್ತಿ ತಳ ನೋಡುವುದೇ ಒಂದು ಕೆಲಸವಾಗಿದೆ. ನೀರಿನೊಳಗಿನ ಪಂಕ ತಿರುಗಿಸುವ ಶಾಫ್ಟಿನ ಕಡೆಯಿಂದ ತೊಟ್ಟಿಕ್ಕಿದ ಅಂಗೈಯಷ್ಟು ನೀರು ಪಂಪಿನ ಬುಡದಲ್ಲಿರುತ್ತದೆ, ಉದ್ದಣ್ಣ ಬಟ್ಟೆ ಹಾಕಿ ಅದನ್ನೂ ಒರೆಸುತ್ತಾನೆ. ಮಿಕ್ಕಿದ್ದೆಲ್ಲ ಒಣ. ಮೊನ್ನೆ ಬೇಕೆಂದೇ ಹಿಂಭಾಗದಲ್ಲಿ ಅರವತ್ತು ಮರಳಿನ ಚೀಲ ಹೇರಿ, ಮೇನ್ ಆರಿಸಿ, ಬೆಳಗಿನಿಂದ ಸಂಜೆಯವರೆಗೆ ನಿಲ್ಲಿಸಿದರು. ಸಂಜೆ ನಾನೇ ಇಳಿದು ತಳವನ್ನು ಅಂಗೈಯಿಂದ ಸವರಿದೆ. ಕೈಗೆ ಧೂಳು ಹತ್ತಿತು. ಆ ಧೂಳನ್ನು ತೊಳೆಯದೆ ಮನೆಗೆ ತಂದು ಅಮ್ಮನಿಗೆ ತೋರಿಸಿದೆ. 'ಕಪಾಟಿನ ಧೂಳು ಒರೆಸು ಅಂದ್ರೆ ಲಾಂಚಿನ ಧೂಳು ಒರೆಸಿಕೊಂಡು ಬಂದಿದೀಯಾ' ಎಂದಳು. ಆದರೆ ನನ್ನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು.

ನಿನ್ನಲ್ಲಿ ಕ್ಷಮೆ ಕೇಳಬೇಕು, ಕೇಳುತ್ತೇನೆ. ಊರೆದುರು ಹೇಳುವುದು ಸುಲಭವಾಗಿತ್ತು, ಕೋಪ ಜೊತೆಗಿತ್ತು. ನಿನಗೆ ಬರೆಯುವಾಗ ಕೋಪವಿಲ್ಲ. ನಿನ್ನ ತಲೆಯ ಮೇಲೆ ಗೂಬೆ ಕೂರಿಸಿದವರು ಅವರು. ಆದರೆ ಅದು ಬಂದು ಕೂರಲು ಕೊಂಬೆ ಕೊಟ್ಟವಳು ನಾನು. ನೀನು ಬೈದು ಬರೆದರೂ ಸರಿ, ಅದನ್ನೂ ಪುಸ್ತಕದಲ್ಲಿ ಅಂಟಿಸಿಡುತ್ತೇನೆ. ಏನೂ ಬರೆಯದೆ ಮಾತ್ರ ಇರಬೇಡ.

ಅಮ್ಮನ ಆಶೀರ್ವಾದ ನಿಮ್ಮ ಮೂವರಿಗೂ. ನಿನ್ನ ಹೆಂಡತಿಗೆ ಬೆಚ್ಚನೆಯ ನೀರು ಕುಡಿಯಲು ಹೇಳು, ಮಗಳಿಗೆ ಅತ್ತೆಯ ಮುತ್ತು. ಉದ್ದಣ್ಣ ನಿನಗೆ ನಮಸ್ಕಾರ ಹೇಳಿದ್ದಾನೆ. ಪಂಪ್ ಮಾವ, ನಿನ್ನನ್ನು ಕಾಣದಿದ್ದರೂ, 'ಒಳ್ಳೆ ಕೆಲಸಗಾರ ಅಂತ ತಿಳಿಸಿ' ಎಂದಿದ್ದಾರೆ. ಅವರ ಬಾಯಿಂದ ಅಷ್ಟು ಬರುವುದು ದೊಡ್ಡದು.

ಇಂತು ನಿನ್ನ ಹಟಮಾರಿ,
ಅಕ್ಕ

ಮರೆತಿದ್ದಲ್ಲ, ಈಗಷ್ಟೇ ಆದದ್ದು. ಲಕೋಟೆ ಅಂಟಿಸುವಷ್ಟರಲ್ಲಿ ಗುಮಾಸ್ತ ಬಂದಿದ್ದ. ಆಫೀಸಿನಿಂದ ನಿನ್ನ ಹೆಸರಿಗೆ ಮುಚ್ಚಿದ ಕಾಗದ. 'ಒಳಗೆ ಒಳ್ಳೇದೇ ಬರೆದಿದೆ ಅಕ್ಕಾ, ತೊಗೊಂಡು ಸಹಿ ಮಾಡಿ, ಇಲ್ಲಿಗೆ ಮುಗಿಸಿಬಿಡಿ' ಎಂದ. ನಿನ್ನ ಮೇಲಿನ ಆರೋಪ ಹಿಂತೆಗೆದಿದ್ದಾರಂತೆ, ಕೆಲಸವನ್ನೂ ವಾಪಸು ಕೊಡುತ್ತಾರಂತೆ, ಗಲಾಟೆ ಬೇಡವಂತೆ. ನಾನು ಅದನ್ನು ತೆರೆಯದೆ, ಮೇಲೆ ನಾಲ್ಕು ಸಾಲು ಬರೆದು ಅವನ ಕೈಯಲ್ಲೇ ವಾಪಸು ಕಳಿಸಿದೆ. ನಿನ್ನನ್ನು ಕೇಳದೆ ಕಳಿಸಿದ್ದು ತಪ್ಪೆನಿಸಿದರೆ ಬಂದು ಎದುರಿಗೇ ಬೈ. ಇದೇ ತಿಂಗಳ ಇಪ್ಪತ್ತೆಂಟನೆಯ ತಾರೀಖು ಬೆಳಿಗ್ಗೆ ಎಂಟೂವರೆಗೆ ನೀನು ಕಟ್ಟೆಯಲ್ಲಿ ನಿಂತಿರಬೇಕು, ರಜೆ ಸಿಗದಿದ್ದರೆ ಲಿಫ್ಟು ಒಂದು ದಿನ ತಾನೇ ಹತ್ತಿ ಇಳಿಯಲಿ. ನಾನು ಬರೆದ ಸಾಲುಗಳು ಇವು, ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ: 'ಸುಳ್ಳನ್ನು ಮೈಕಿನಲ್ಲಿ ಓದಿದವರು ನಿಜವನ್ನು ಲಕೋಟೆಯಲ್ಲಿ ಕೊಡುವಂತಿಲ್ಲ. ತೂತು ಇಳಿಸಲು ಬರೆದವಳು ನಾನು, ನನ್ನ ಹೆಸರನ್ನು ಮೊದಲು ಓದಿ. ಇಳಿಸಿದವರು ಯಾರು, ಮೇನ್ ಆರಿಸಿ ಎಂದು ಬೋರ್ಡು ಬರೆಸಿದವರು ಯಾರು, ಬೇಡವೆಂದರೂ ಕಲ್ಲು ಹೇರಿಸಿದವರು ಯಾರು? ಇಪ್ಪತ್ತೆಂಟರ ಬೆಳಿಗ್ಗೆ, ಅದೇ ಕಟ್ಟೆಯಲ್ಲಿ, ಅದೇ ಮೈಕಿನಲ್ಲಿ, ಆ ಚಾಲಕನ ಮುಖ ನೋಡಿಕೊಂಡು ಉತ್ತರ ಕೊಡಿ.'